ವಾಪಸ್ ಬಾರದ ಅರವತ್ತಾರು ಡಬ್ಬಿಗಳು

ಫೆಬ್ರವರಿ 3, ಸೋಮವಾರ

ನಾನಿಲ್ಲದೆಯೂ ತನ್ನ ಕೆಲಸ ನಡೆಯುತ್ತದೆ ಎಂದು ಸಿಡ್ನಿಯ ನಾರ್ವೆಸ್ಟ್‌ನಲ್ಲಿರುವ ಕಂಪನಿ ಹನ್ನೊಂದು ವರ್ಷದ ನಂತರ ಕಂಡುಕೊಂಡು ಇಂದಿಗೆ ಎಪ್ಪತ್ತು ದಿನ. ಕಳಿಸಿಕೊಡುವಾಗ ಒಬ್ಬ ಕೆರಿಯರ್ ಕೋಚ್‌ನನ್ನು ಉಚಿತವಾಗಿ ಕೊಟ್ಟಿದ್ದರು. ಡೈರಿ ಬರೆಯಿರಿ, ಮನಸ್ಸು ತಿಳಿಯಾಗುತ್ತದೆ ಎಂದ. ಬರೆಯುತ್ತಿದ್ದೇನೆ. ಮನಸ್ಸು ಹೇಗಿತ್ತೋ ಹಾಗೇ ಇದೆ. ಸೆಕೆ ಮಾತ್ರ ಜಾಸ್ತಿಯಾಗಿದೆ.

ಇವತ್ತು ಹೊಸ ಕೆಲಸಕ್ಕೆ ಸೇರಿದೆ. ಹುದ್ದೆ, ಆಪರೇಷನ್ಸ್ ಮ್ಯಾನೇಜರ್. ಸಂಸ್ಥೆಯ ಹೆಸರು ಬುತ್ತಿ. ಸಂಸ್ಥೆ ಎಂದರೆ ವೆಸ್ಟ್‌ಮೀಡ್ ಸ್ಟೇಷನ್ ಹಿಂದಿನ ಒಂದು ಬಾಡಿಗೆ ಕಿಚನ್, ಅದರಲ್ಲಿ ಮೂರು ಜನ. ಶರ್ಮಿಳಾ ಮೊದಲು ಸಂಶೋಧಕಿ. ಭೂಮಿ ಬಿಸಿಯಾಗುತ್ತಿದೆ ಎಂಬ ವರದಿಗಳನ್ನು ಓದಿ ಓದಿ ಸಾಕಾಗಿ, ಕೈಲಾದದ್ದು ಮಾಡೋಣವೆಂದು ಇದನ್ನು ಶುರು ಮಾಡಿದವರು. ಅಡುಗೆ ಅನಸೂಯಮ್ಮನದು, ತುಮಕೂರು ಕಡೆಯವರು. ಮೂರನೆಯವನು ನಾನು, ಯಾದವ. ಸೊಟ್ಟಗಿದೆ, ಚಿಕ್ಕದಿದೆ ಎಂದು ಅಂಗಡಿಗಳು ಬೇಡವೆಂದ ತರಕಾರಿಯಲ್ಲಿ ಅಡುಗೆ ಮಾಡಿ, ಪಕ್ಕದ ದೊಡ್ಡಾಸ್ಪತ್ರೆಯ ಕನ್ನಡದವರಿಗೂ ಸುತ್ತಲಿನ ಫ್ಲ್ಯಾಟ್‌ಗಳಿಗೂ ಸ್ಟೀಲ್ ಡಬ್ಬಿಯಲ್ಲಿ ಮಧ್ಯಾಹ್ನದ ಊಟ ಕಳಿಸುವುದು. ಉಂಡ ಮೇಲೆ ಡಬ್ಬಿ ವಾಪಸ್ ಬರಬೇಕು. ಪ್ಲಾಸ್ಟಿಕ್ ಇಲ್ಲವೇ ಇಲ್ಲ. ಒಟ್ಟು ಆರುನೂರು ಡಬ್ಬಿ.

ಅನಸೂಯಮ್ಮನ ಸಂಬಳ, ದಿನಸಿ, ಬಾಡಿಗೆ ಎಲ್ಲ ಊಟದ ದುಡ್ಡಿನಲ್ಲೇ ನಡೆಯುತ್ತದೆ. ಡಬ್ಬಿಗೆ, ಡಬ್ಬಿ ತೊಳೆಯುವ ಮೆಷಿನ್‌ಗೆ, ಸ್ಕ್ಯಾನರ್‌ಗೆ ಮತ್ತು ನನಗೆ ಕೊಡುವುದು ಮೆಲ್ಬರ್ನ್‌ನ ಒಂದು ಹವಾಮಾನ ಟ್ರಸ್ಟ್. ಅವರ ಷರತ್ತು ಒಂದೇ: ಮೇ 30ರ ಸಂಜೆ ನಾಲ್ಕಕ್ಕೆ ನೂರಕ್ಕೆ ತೊಂಬತ್ತು ಡಬ್ಬಿ ಕಿಚನ್‌ಗೆ ವಾಪಸ್ ಬಂದಿರಬೇಕು. ಅಂದರೆ ಐನೂರ ನಲವತ್ತು. ಒಂದು ಡಬ್ಬಿ ಮಾಡುವಾಗ ಎದ್ದ ಹೊಗೆಯ ಪಾಪ ತೊಳೆದುಹೋಗಬೇಕಾದರೆ ಅದು ನೂರಾರು ಸಲ ಓಡಾಡಬೇಕಂತೆ. ಕಪಾಟಿನಲ್ಲಿ ಕೂತ ಸ್ಟೀಲ್ ಡಬ್ಬಿ ಪ್ಲಾಸ್ಟಿಕ್‌ಗಿಂತ ಕಡೆ. ಸದ್ಯ ವಾಪಸ್ ಬರುತ್ತಿರುವುದು ನೂರಕ್ಕೆ ಐವತ್ತನಾಲ್ಕು.

"ತೊಂಬತ್ತು ಆಗದಿದ್ರೆ ಎಂತ ಮಾಡುದು?" ಎಂದು ಕೇಳಿದೆ.

"ಮುಚ್ಚೋದು," ಎಂದರು ಶರ್ಮಿಳಾ. "ಪ್ಲಾಸ್ಟಿಕ್ ಬಾಕ್ಸಲ್ಲಿ ಹಾಕಿ ಕಳ್ಸೋದಾದ್ರೆ ನಾನ್ಯಾಕೆ ಬೇಕು? ಆ ಥರದ್ದು ಈ ರೋಡಲ್ಲೇ ಹತ್ತಿವೆ."

ಅನಸೂಯಮ್ಮ ಈರುಳ್ಳಿ ಹೆಚ್ಚುತ್ತಿದ್ದರು. ಅವರ ವೀಸಾಕ್ಕೆ ಸ್ಪಾನ್ಸರ್ ಮಾಡಿರುವುದು ಬುತ್ತಿ. ಮುಚ್ಚಿದರೆ ಬೇರೆ ಸ್ಪಾನ್ಸರ್ ಹುಡುಕಬೇಕು, ಸಿಗದಿದ್ದರೆ ಊರಿಗೆ ಹೋಗಬೇಕು. ಇದನ್ನು ಅವರು ಹೇಳಲಿಲ್ಲ, ಶರ್ಮಿಳಾ ಹೇಳಿದರು. ಕೇಳಿಸಿಕೊಳ್ಳುವಾಗಲೂ ಅವರ ಚಾಕು ಒಂದು ಸಲವೂ ನಿಲ್ಲಲಿಲ್ಲ.

ಇದು ತಾತ್ಕಾಲಿಕ ಕೆಲಸ. ಹಳೆಯ ಆಫೀಸಿನವರು ಕೇಳಿದರೆ ಕನ್ಸಲ್ಟಿಂಗ್ ಎನ್ನುವುದು.

ಫೆಬ್ರವರಿ 6, ಗುರುವಾರ

ವ್ಯವಸ್ಥೆ ಸರಿಮಾಡಿದೆ. ಡಬ್ಬಿಗಳಿಗೆ ಬಾರ್‌ಕೋಡ್ ಇತ್ತು, ಗಿರಾಕಿಗಳಿಗೆ ಇರಲಿಲ್ಲ. ಶರ್ಮಿಳಾ ಅವರನ್ನೆಲ್ಲ 'ಮೂರನೇ ಮಹಡಿ ಡಾಕ್ಟ್ರು', 'ಬಸುರಿ ಹುಡುಗಿ' ಎಂದು ಬರೆದುಕೊಂಡಿದ್ದರು. ಬಸುರಿ ಹುಡುಗಿಗೆ ಹೆರಿಗೆಯಾದ ಮೇಲೆ ಡೇಟಾಬೇಸ್ ಏನು ಮಾಡಬೇಕು? ಈಗ ಎಲ್ಲರಿಗೂ ನಂಬರ್ ಇದೆ. ಸಿ-001ರಿಂದ ಸಿ-183.

ಡಬ್ಬಿ ಇಟ್ಟುಕೊಂಡವರಿಗೆಲ್ಲ ಒಂದೇ ಸಲಕ್ಕೆ ಮೆಸೇಜ್ ಕಳಿಸಿದೆ: "ನಿಮ್ಮ ಬಳಿ ಡಬ್ಬಿ ಬಾಕಿ ಇದೆ. ದಯವಿಟ್ಟು ತೊಳೆದು, ಖಾಲಿಯಾಗಿ, ಏಳು ದಿನದೊಳಗೆ ಹಿಂದಿರುಗಿಸಿ." ಕಳಿಸುವ ಮೊದಲು ತೋರಿಸಿ ಎಂದಿದ್ದರು ಶರ್ಮಿಳಾ. ನಾಲ್ಕು ಪದದ ಮೆಸೇಜಿಗೆ ಕಮಿಟಿ ಬೇಕೇ ಎಂದೆ. ಹನ್ನೊಂದು ಪದ ಇದೆ ಎಂದರು.

ಫೆಬ್ರವರಿ 13, ಗುರುವಾರ

ಐವತ್ತನಾಲ್ಕು ಇದ್ದದ್ದು ನಲವತ್ತೊಂಬತ್ತಕ್ಕೆ ಇಳಿದಿದೆ.

ಬೆಳಿಗ್ಗೆ ಸಿ-027 ಫೋನ್ ಮಾಡಿದರು. ಶಿವಲಿಂಗಪ್ಪ ಎಂಬ ಹೃದಯದ ಡಾಕ್ಟರು. ಹೃದಯ ನೋಡಿಕೊಳ್ಳುವವರು ಅಷ್ಟು ಕೂಗಾಡಬಾರದು.

"ಏನ್ರೀ, ಖಾಲಿ ಡಬ್ಬಿ ವಾಪಸ್ ಕೊಡಿ ಅಂತ ಬರ್ದಿದೀರಲ್ಲ, ನಮ್ಮನ್ನ ಏನಂತ ತಿಳ್ಕೊಂಡಿದೀರಿ? ನಮ್ಮನೇಲಿ ಇವತ್ತಿನವರೆಗೂ ಯಾರ ಪಾತ್ರೇನೂ ಖಾಲಿ ಕಳ್ಸಿಲ್ಲ!"

"ಖಾಲಿ ಬೇಡ ಅಂತಾದ್ರೆ ಸಾರ್, ಡಬ್ಬಿ ಯಾಕೆ ಬರ್ಲಿಲ್ಲ?"

"ನನ್ ಹೆಂಡ್ತಿಗೆ ಏನಾದ್ರೂ ಮಾಡಿ ಹಾಕಕ್ಕೆ ಟೈಮ್ ಬೇಡ್ವೇನ್ರೀ? ಅವ್ಳೂ ಡಾಕ್ಟರೇ!"

ಸಮಸ್ಯೆ ಇದು. ಜನರಿಗೆ ಮರೆವಿಲ್ಲ, ಕಳ್ಳತನವೂ ಇಲ್ಲ. ಡಬ್ಬಿ ತೊಳೆದು ಕಪಾಟಿನಲ್ಲಿಟ್ಟು, ಅದರಲ್ಲಿ ಹಾಕಿಕೊಡಲು ಏನಾದರೂ ಮಾಡಬೇಕೆಂದು ಕಾಯುತ್ತಿದ್ದಾರೆ. ಭಾನುವಾರ ಮಾಡೋಣ ಎಂದುಕೊಳ್ಳುತ್ತಾರೆ, ಭಾನುವಾರ ಮಗುವಿಗೆ ಸ್ವಿಮ್ಮಿಂಗ್ ಕ್ಲಾಸ್. ಅಷ್ಟರಲ್ಲಿ ಡಬ್ಬಿ ನಾಲ್ಕಾಗಿರುತ್ತದೆ, ನಾಲ್ಕು ಡಬ್ಬಿಗೆ ಆಗುವಷ್ಟು ಮಾಡಬೇಕು. ನಮ್ಮ ಕಾರ್ಕಳದ ಮನೆಯಲ್ಲೂ ಅಮ್ಮ ಪಕ್ಕದ ಮನೆಯ ಪಾತ್ರೆಯನ್ನು ಒಂದು ಚಮಚ ಸಕ್ಕರೆಯನ್ನಾದರೂ ಹಾಕದೆ ಕೊಟ್ಟವರಲ್ಲ. ಅದು ಗೊತ್ತಿತ್ತು. ಸ್ಪ್ರೆಡ್‌ಶೀಟ್‌ನಲ್ಲಿ ಅದಕ್ಕೊಂದು ಕಾಲಮ್ ಬೇಕೆಂದು ಗೊತ್ತಿರಲಿಲ್ಲ.

ಫೆಬ್ರವರಿ 21, ಶುಕ್ರವಾರ

ಮನೆಮನೆಗೆ ಹೋಗಿ ಡಬ್ಬಿ ತರುತ್ತಿದ್ದೇನೆ. ಬಾಗಿಲು ತೆರೆದವರೆಲ್ಲ ಹೇಳುವುದು ಒಂದೇ ಮಾತು: "ಅಯ್ಯೋ, ಒಂದ್ನಿಮಿಷ ಇರಿ." ಆ ಒಂದು ನಿಮಿಷಕ್ಕೆ ಸರಾಸರಿ ಹದಿನೇಳು ನಿಮಿಷ.

ಸಿ-114ರ ಮನೆಯಲ್ಲಿ ಕಾಳಮ್ಮ ಎಂಬ ಹೆಂಗಸು ನನ್ನನ್ನು ಕೂರಿಸಿ ಬೈದರು. ಗಂಡ ಮರಿಯಪ್ಪನವರದು ಆಸ್ಪತ್ರೆಯ ಲ್ಯಾಬ್‌ನಲ್ಲಿ ಕೆಲಸ. ಆಕೆಗೆ ಡಯಾಲಿಸಿಸ್ ನಡೆಯುತ್ತಿದೆ, ಅಡುಗೆಗೆ ಶಕ್ತಿ ಇಲ್ಲದೆ ಊಟ ತರಿಸುತ್ತಾರೆ. ಆದರೂ ಎರಡು ಡಬ್ಬಿ ತುಂಬ ಕೋಡುಬಳೆ ಮಾಡಿಟ್ಟಿದ್ದರು. "ಮೆಸೇಜ್ ಬರ್ದೋನು ನೀನೇನಾ? ನಿಮ್ಮಮ್ಮ ಏನೂ ಹೇಳ್ಕೊಟ್ಟಿಲ್ವಾ?" ಎಂದರು. ಹೇಳಿಕೊಟ್ಟಿದ್ದರು ಎಂದೆ.

ಇನ್ನೊಂದು ತೊಂದರೆ. ಹೊರಗೆ ಬೇಯಿಸಿದ ಯಾವುದೂ ನಮ್ಮ ಕಿಚನ್ ಒಳಗೆ ಬರುವಂತಿಲ್ಲ, ನಗರ ಕೌನ್ಸಿಲ್ ನಿಯಮ. ಎಸೆದರೆ ಆಹಾರ ತ್ಯಾಜ್ಯದ ಅಂಕಿ ಏರುತ್ತದೆ, ಅದನ್ನೂ ಮೆಲ್ಬರ್ನ್‌ಗೆ ವರದಿ ಮಾಡಬೇಕು. ಹಾಗಾಗಿ ಫುಟ್‌ಪಾತ್‌ನಲ್ಲಿ ನಿಂತು ನಾನೇ ತಿನ್ನುತ್ತೇನೆ. ಈ ವಾರದ ತ್ಯಾಜ್ಯ ವಿಲೇವಾರಿ: ರವೆ ಉಂಡೆ ಹದಿನಾಲ್ಕು, ಚಕ್ಕುಲಿ ಲೆಕ್ಕವಿಲ್ಲ, ಕ್ಯಾರೆಟ್ ಹಲ್ವ ಎರಡು ಡಬ್ಬಿ.

"ಕನ್ಸಲ್ಟಿಂಗ್‌ನಲ್ಲಿ ಹೊಟ್ಟೆ ಬರ್ತದಾ?" ಎಂದು ವಿಜೇತಾ ತುಳುವಿನಲ್ಲಿ ಕೇಳಿದಳು. ನನ್ನ ಹೆಂಡತಿ, ಅದೇ ಆಸ್ಪತ್ರೆಯಲ್ಲಿ ನರ್ಸ್. ಅವಳಿಗೂ ಒಂದು ಚಕ್ಕುಲಿ ಕೊಟ್ಟೆ.

ಮಾರ್ಚ್ 6, ಗುರುವಾರ

ಪರಿಹಾರ ಸಿಕ್ಕಿತು. ಡಬ್ಬಿ ಖಾಲಿ ಇರಬಾರದು. ಒಳಗಿರುವುದು ಬೇಯಿಸಿದ್ದಾಗಿರಬಾರದು. ಪರಿಸರಕ್ಕೂ ಒಳ್ಳೆಯದಾಗಬೇಕು. ಹಾಗಾದರೆ ತರಕಾರಿ ಸಿಪ್ಪೆ! ಡಬ್ಬಿಯಲ್ಲಿ ಸಿಪ್ಪೆ ಹಾಕಿ ಕೊಟ್ಟರೆ ನಾವು ಗೊಬ್ಬರ ಮಾಡಬಹುದು. ಒಂದೇ ಕಲ್ಲಿಗೆ ಮೂರು ಹಕ್ಕಿ. ಶರ್ಮಿಳಾ ಇವತ್ತು ರಜೆ, ಅನಸೂಯಮ್ಮನಿಗೆ ಹೇಳಿದೆ. ಅವರು ಸೌಟು ಹಿಡಿದು ನನ್ನನ್ನೇ ನೋಡಿದರು.

"ಸಾರ್, ಕಳ್ಸಿಬಿಟ್ರಾ?"

ಕಳಿಸಿದ್ದೆ.

ಮಾರ್ಚ್ 7, ಶುಕ್ರವಾರ

ಉಣ್ಣುವ ಡಬ್ಬಿಯಲ್ಲಿ ಕಸ ಹಾಕಿ ಎಂದ ಸಂಸ್ಥೆಯಿಂದ ಇನ್ನು ಊಟ ಬೇಡ ಎಂದವರು ಹತ್ತೊಂಬತ್ತು ಜನ. ಸಿ-027 ಈ ಸಲ ಕೂಗಾಡಲಿಲ್ಲ, ಮೆತ್ತಗೆ ಮಾತಾಡಿದರು. ಅದು ಇನ್ನೂ ಕಷ್ಟವಾಯಿತು. ಕಾಳಮ್ಮ ಫೋನ್ ಮಾಡಿ, "ನಿನಗೆ ಯಾರೋ ಮಾಟ ಮಾಡ್ಸಿರ್ಬೇಕು," ಎಂದರು. ಕ್ಷಮೆಯ ಮೆಸೇಜ್ ಕಳಿಸಿದೆ. ಅದನ್ನು ಶರ್ಮಿಳಾ, ಅನಸೂಯಮ್ಮ, ವಿಜೇತಾ ಮೂವರೂ ಓದಿ ಒಪ್ಪಿದ ಮೇಲೆ.

ನೂರಕ್ಕೆ ನಲವತ್ತಾರು.

ಮಾರ್ಚ್ 19, ಬುಧವಾರ

ಕಾಳಮ್ಮ ಹೋದರು. ವಾರ್ಡ್‌ನಲ್ಲಿ ವಿಜೇತಾ ಇದ್ದಳಂತೆ. ಕೊನೆಯ ಒಂಬತ್ತು ದಿನ ಆಸ್ಪತ್ರೆಯ ಊಟ ಬೇಡವೆಂದು ನಮ್ಮ ಡಬ್ಬಿಯನ್ನೇ ತರಿಸಿಕೊಂಡು ಎರಡು ತುತ್ತು ತಿನ್ನುತ್ತಿದ್ದರಂತೆ.

ಸಿ-114 ಕಡೆ ಒಂಬತ್ತು ಡಬ್ಬಿ ಬಾಕಿ. ಮೆಸೇಜ್ ಪಟ್ಟಿಯಿಂದ ಆ ನಂಬರ್ ತೆಗೆದೆ.

ಏಪ್ರಿಲ್ 2, ಬುಧವಾರ

ಪರಿಹಾರ ಅನಸೂಯಮ್ಮನ ಬಾಯಿಂದ ಬಂತು. ಅವರು ಅದನ್ನು ಪರಿಹಾರ ಎಂದು ಕರೆಯಲಿಲ್ಲ.

"ಬೇಯ್ಸಿದ್ದು ತಾನೆ ಬೇಡ ಅಂದಿರೋದು? ಹಸೀದು ಕೊಡ್ಲಿ. ಮನೇಲಿ ಬೆಳ್ದಿದ್ದು ಒಂದು ನಿಂಬೆಹಣ್ಣು, ಎರಡೆಸಳು ಕರಿಬೇವು. ಖಾಲಿ ಕೊಟ್ಟಂಗೂ ಆಗಲ್ಲ, ಅವ್ರು ಒಲೆ ಹಚ್ಚೋದೂ ಬೇಡ."

ಕೌನ್ಸಿಲ್‌ಗೆ ಫೋನ್ ಮಾಡಿ ಕೇಳಿದೆ. ಹಸಿ ತರಕಾರಿ, ಹಣ್ಣು, ಸೊಪ್ಪು ತೊಳೆದು ಬಳಸಬಹುದು ಎಂದರು. ಎರಡು ತಿಂಗಳ ಸಂಶೋಧನೆ ಈರುಳ್ಳಿ ಹೆಚ್ಚುವಷ್ಟರಲ್ಲಿ ಮುಗಿಯಿತು. ಹೊಟ್ಟೆಕಿಚ್ಚಾಯಿತು, ಬರೆಯುತ್ತಿದ್ದೇನೆ.

ಏಪ್ರಿಲ್ 24, ಗುರುವಾರ

ಎಪ್ಪತ್ತೆಂಟು. ಸಿಡ್ನಿಯ ಹಿತ್ತಿಲುಗಳಲ್ಲಿ ಇಷ್ಟು ನಿಂಬೆಹಣ್ಣು ಇದೆ ಎಂದು ಯಾವ ವರದಿಯಲ್ಲೂ ಓದಿರಲಿಲ್ಲ. ಕರಿಬೇವು ಕೊಳ್ಳುವುದನ್ನೇ ನಿಲ್ಲಿಸಿದ್ದೇವೆ. ಶಿವಲಿಂಗಪ್ಪ ಡಾಕ್ಟರು ದಿನಕ್ಕೆ ಒಂದು ಹಸಿಮೆಣಸಿನಕಾಯಿ ಹಾಕಿ ಕಳಿಸುತ್ತಾರೆ, ಒಂದೇ ಒಂದು. ಬಾಲ್ಕನಿಯಲ್ಲಿ ಒಂದು ಗಿಡ ಇದೆಯಂತೆ. ಪ್ರಾರ್ಥನಾಳಿಗೆ ಹೆಣ್ಣು ಮಗುವಾಯಿತು. ಹೆರಿಗೆಯ ಮೂರನೇ ದಿನ ಗಂಡನ ಕೈಯಲ್ಲಿ ಡಬ್ಬಿ ತುಂಬ ಪುದೀನ ಕಳಿಸಿದ್ದಾಳೆ. ಅವಳೇ ಆ ಬಸುರಿ ಹುಡುಗಿ. ನಂಬರ್ ಎಷ್ಟಿತ್ತೋ ನೆನಪಿಲ್ಲ, ನಾಳೆ ನೋಡಬೇಕು.

ರೈಲಿನಲ್ಲಿ ಹಳೆಯ ಆಫೀಸಿನ ತುಷಾರ್ ಸಿಕ್ಕಿದ. ಈಗ ಎಲ್ಲಿ ಎಂದ. ಡಬ್ಬಿ ಎಂದೆ. ಬ್ಲಾಕ್‌ಚೈನ್ ಕಂಪನಿಯಾ ಎಂದ. ಕೈಯಲ್ಲಿದ್ದ ಒಂದು ಕಟ್ಟು ನುಗ್ಗೆಸೊಪ್ಪು ತೋರಿಸಿದೆ.

ಮೇ 15, ಗುರುವಾರ

ಎಂಬತ್ತಾರು. ಮರಿಯಪ್ಪನವರ ಮನೆಗೆ ಹೋಗಿದ್ದೆ. ಡಬ್ಬಿ ಕೇಳಲು ಹೋಗಿದ್ದಲ್ಲ, ಆ ಕಡೆ ಕೆಲಸವಿತ್ತು. ಒಂಬತ್ತೂ ಡಬ್ಬಿಗಳನ್ನು ತೊಳೆದು, ಒರೆಸಿ, ಕಿಟಕಿಯ ಹತ್ತಿರ ಜೋಡಿಸಿಟ್ಟಿದ್ದಾರೆ.

"ನಿಂಬೆಹಣ್ಣು ತಂದು ಹಾಕಿ ಕೊಟ್ಬಿಡ್ಲಾ ಅಂದ್ಕೊಂಡೆ," ಎಂದರು. "ಆದ್ರೆ ಅದು ಅಂಗಡೀದು. ಇವು ಅವಳ ಹೆಸರಲ್ಲಿ ಬಂದಿದ್ ಡಬ್ಬಿ ಕಣಪ್ಪ. ಅವಳಾಗಿದ್ರೆ ಕೈಯಾರೆ ಏನಾದ್ರೂ ಮಾಡಿ ಹಾಕೋಳು. ನನಗೆ ಒಲೆ ಹಚ್ಚಕ್ಕೂ ಬರಲ್ಲ. ಕಲೀತಿದೀನಿ. ಒಂದಿಷ್ಟು ದಿನ ಕೊಡು."

ಆಗಲಿ ಎಂದೆ. ಕೆಲಸವಿತ್ತು ಎಂದು ಮೇಲೆ ಬರೆದಿದ್ದೇನೆ. ಇರಲಿಲ್ಲ.

ಮೇ 30, ಶುಕ್ರವಾರ

ಇವತ್ತು ಊಟ ಕಳಿಸಲಿಲ್ಲ, ಬರೀ ಲೆಕ್ಕ. ಮಧ್ಯಾಹ್ನ ಎರಡಕ್ಕೆ ಐನೂರ ಮೂವತ್ತನಾಲ್ಕು. ಆರು ಕಡಿಮೆ. ಶರ್ಮಿಳಾ ಉಗುರು ಕಚ್ಚುತ್ತಿದ್ದರು. ಮರಿಯಪ್ಪನವರ ಒಂಬತ್ತು ಬಂದರೆ ಮುಗಿಯಿತು, ಹತ್ತು ನಿಮಿಷದ ದಾರಿ, ತರುತ್ತೇನೆ ಎಂದು ಹೊರಟೆ.

ಅವರು ಲುಂಗಿಯ ಮೇಲೆ ಕಾಳಮ್ಮನ ಏಪ್ರನ್ ಕಟ್ಟಿಕೊಂಡು ಬಾಗಿಲು ತೆರೆದರು. ಉಪ್ಪಿಟ್ಟು ಮಾಡಲು ಹೊರಟಿದ್ದರು. ಸೀದುಹೋದ ಎರಡು ಬಾಣಲೆ ಸಿಂಕ್‌ನಲ್ಲಿತ್ತು.

ವಿಷಯ ಹೇಳಿದೆ. ನಾಲ್ಕು ಗಂಟೆಯ ಮಾತನ್ನೂ ಹೇಳಿದೆ. "ಖಾಲಿಯೇ ಕೊಡಿ, ಪರವಾಗಿಲ್ಲ, ನಾನು ಯಾರಿಗೂ ಹೇಳುದಿಲ್ಲ."

"ಹೌದಾ, ತಗೊಳಪ್ಪ," ಎಂದು ಅವರು ಒಂಬತ್ತು ಡಬ್ಬಿಯ ಚೀಲ ಎತ್ತಿಕೊಟ್ಟರು. ನಾನು ಹಿಡಿದುಕೊಂಡೆ. ಅವರೂ ಹಿಡಿದುಕೊಂಡೇ ಇದ್ದರು. ಕೈ ಬಿಡಲಿಲ್ಲ. ಬಿಡಬೇಕೆಂದು ಅವರಿಗೂ ಇತ್ತು, ಅದು ನನಗೆ ಕಾಣುತ್ತಿತ್ತು.

ಚೀಲ ಕೆಳಗಿಟ್ಟೆ. ನನಗೂ ಅಡುಗೆ ಬರುವುದಿಲ್ಲ. ಅನಸೂಯಮ್ಮನಿಗೆ ಫೋನ್ ಮಾಡಿ ಸ್ಪೀಕರ್‌ಗೆ ಹಾಕಿದೆ.

"ಅನಸೂಯಮ್ಮ, ಉಪ್ಪಿಟ್ಟು ಹೇಗೆ ಮಾಡುದು? ಒಂಬತ್ತು ಡಬ್ಬಿಗೆ."

ಆ ಕಡೆ ಶರ್ಮಿಳಾ ಏನೋ ಹೇಳಿದ್ದು ದೂರದಿಂದ ಕೇಳಿಸಿತು.

"ನಾಕಕ್ಕೆ ಸಿಸ್ಟಮ್ ಕ್ಲೋಸ್ ಆಗ್ತದೆ, ಗೊತ್ತಲ್ಲ?" ಎಂದೆ. "ಬೇಡ ಅಂದ್ರೆ ಈಗಲೇ ತೆಗ್ದುಕೊಂಡು ಬರ್ತೇನೆ. ನೀವು ಹೇಳಿದ ಹಾಗೆ."

"ಗೊತ್ತಣ್ಣ," ಎಂದರು ಅನಸೂಯಮ್ಮ. "ಪಾಪ, ಎಷ್ಟ್ ದಿನದಿಂದ ಮಾಡ್ಬೇಕು ಅಂತಿದಾರೋ. ರವೆ ಮೊದ್ಲು ಹುರೀರಿ. ಘಮ್ ಅನ್ಬೇಕು. ಉರಿ ಕಮ್ಮಿ ಇಡಿ, ಇಬ್ರೂ ಗಂಡಸ್ರು ಉರಿ ಜಾಸ್ತಿ ಇಟ್ಟಿರ್ತೀರ."

ಜಾಸ್ತಿ ಇಟ್ಟಿದ್ದೆವು. ಮೂರನೆಯ ಬಾಣಲೆಯೂ ಸೀದಿತು. ನಾಲ್ಕನೆಯದು ಉಪ್ಪಿಟ್ಟಾಯಿತು. ಮರಿಯಪ್ಪ ಒಂದೊಂದು ಡಬ್ಬಿಗೂ ನಾಲ್ಕು ನಾಲ್ಕು ಚಮಚ ಹಾಕಿ, ಮೇಲೆ ಒಂದೊಂದು ಗೋಡಂಬಿ ಇಟ್ಟು, ಮುಚ್ಚಳ ಒತ್ತಿದರು. ಆಗ ಕೈ ಬಿಟ್ಟರು.

ಕಿಚನ್ ಬಾಗಿಲ ಹೊರಗೇ ನಿಂತು ಮೊದಲನೆಯ ಡಬ್ಬಿ ಸ್ಕ್ಯಾನ್ ಮಾಡಿದ್ದು ನಾಲ್ಕು ಹನ್ನೊಂದಕ್ಕೆ. ಸ್ಕ್ಯಾನರ್ ಕೆಂಪು ಗೆರೆ ತೋರಿಸಿತು. ಅಂತಿಮ: ನೂರಕ್ಕೆ ಎಂಬತ್ತೊಂಬತ್ತು. ಬಾರದ ಡಬ್ಬಿ: ಅರವತ್ತಾರು.

ಆರು ಡಬ್ಬಿಯನ್ನು ಖಾಲಿ ತೆಗೆದುಕೊಂಡು ಮೂರರಲ್ಲಿ ಉಪ್ಪಿಟ್ಟು ಹಾಕಿಸಿಕೊಳ್ಳಬಹುದಿತ್ತು ಎಂದು ಆಮೇಲೆ ಹೊಳೆಯಿತು. ಹನ್ನೊಂದು ವರ್ಷ ಆಪ್ಟಿಮೈಸೇಷನ್ ಟೀಮಿನಲ್ಲಿದ್ದವನು ನಾನು.

ಜೂನ್ 4, ಬುಧವಾರ

ಮೆಲ್ಬರ್ನ್‌ಗೆ ರೈಲು. ಹವಾಮಾನ ಟ್ರಸ್ಟಿನ ಹಣದಲ್ಲಿ ವಿಮಾನ ಹತ್ತುವಂತಿಲ್ಲ. ಬೆಳಿಗ್ಗೆ ಕೂತರೆ ಸಂಜೆ. ಇಡೀ ದಿನ ಕುರಿ ನೋಡಿದೆ.

ಜೂನ್ 5, ಗುರುವಾರ

ಟ್ರಸ್ಟಿನ ಹೀದರ್ ಒಳ್ಳೆಯ ಹೆಂಗಸು. ವರದಿಯನ್ನು ಎರಡು ಸಲ ಓದಿದರು. ಹನ್ನೊಂದು ನಿಮಿಷ ತಡವಾದದ್ದು ಯಾಕೆ ಎಂದು ಕೇಳಿದರು. ಉಪ್ಪಿಟ್ಟು ಎಂದೆ. ವಿವರಿಸಿದೆ. ತಲೆದೂಗಿದರು, ಆದರೆ ಸಮಯ ಸಮಯವೇ ಎಂದರು.

ಆಮೇಲೆ ಪೆನ್ನಿನಿಂದ ಒಂದು ಕಾಲಮ್ ತೋರಿಸಿದರು. "ಕಳೆದುಹೋದವು" ಎಂಬ ಕಾಲಮ್. ನಾನು ಅಲ್ಲಿ ಸೊನ್ನೆ ಹಾಕಿದ್ದೆ. ಇಲ್ಲಿ ಯಾರೂ ಸೊನ್ನೆ ಹಾಕುವುದಿಲ್ಲ, ಹತ್ತು ಡಬ್ಬಿಯವರೆಗೆ ಒಟ್ಟು ಸಂಖ್ಯೆಯಿಂದ ತೆಗೆದುಹಾಕಬಹುದು, ಹಾಗೆ ಮಾಡಿದರೆ ತೊಂಬತ್ತು ದಾಟುತ್ತದೆ ಎಂದರು. ಯಾವ ಹತ್ತು ಕಳೆದುಹೋಗಿದೆ ಎಂದು ಹೇಳಿದರೆ ಸಾಕು.

ಪಟ್ಟಿ ತೆರೆದೆ. ಮೊದಲನೆಯ ನಾಲ್ಕು ಪ್ರಾರ್ಥನಾಳ ಮನೆಯಲ್ಲಿವೆ, ಬಾಣಂತನಕ್ಕೆ ಬಂದಿರುವ ಅವಳ ಅಮ್ಮ ಅದರಲ್ಲಿ ಖಾರದ ಪುಡಿ ಇಟ್ಟಿದ್ದಾರೆ, ಊರಿಗೆ ಹೊರಡುವಾಗ ಕೊಡುತ್ತಾರೆ. ಎರಡು ಶಿವಲಿಂಗಪ್ಪನವರ ಕಾರಿನ ಡಿಕ್ಕಿಯಲ್ಲಿವೆ, ಮೆಣಸಿನ ಗಿಡ ಸದ್ಯ ಕಾಯಿ ಬಿಡುತ್ತಿಲ್ಲ. ಬದರಿನಾಥ ಅಂಕಲ್ ಬಳಿ ಮೂರು, ಆಪರೇಷನ್ ಆಗಿದೆ, ಮೆಟ್ಟಿಲು ಇಳಿಯುವಂತಿಲ್ಲ. ಮರಿಯಪ್ಪನವರ ಒಂಬತ್ತು ಕಿಚನ್‌ನಲ್ಲೇ ಇವೆ. ಹೀಗೆ ಅರವತ್ತಾರರದ್ದೂ ಹೇಳುತ್ತಾ ಹೋದೆ. ಹೀದರ್ ಪೆನ್ನು ಕೆಳಗಿಟ್ಟು ಕೇಳುತ್ತಿದ್ದರು. ಕೊನೆಗೆ, "ಹಾಗಾದರೆ ಯಾವುದು ಕಳೆದುಹೋಗಿದೆ?" ಎಂದರು.

ಒಂದೂ ಇಲ್ಲ ಎಂದೆ. ನಾರ್ವೆಸ್ಟ್‌ನಲ್ಲಿ ಇಂಥ ಎಷ್ಟೋ ಸಾಲುಗಳನ್ನು ಊಟಕ್ಕೆ ಮುಂಚೆ ಅಲ್ಲಿಂದಿಲ್ಲಿಗೆ ಸರಿಸಿದ್ದೇನೆ. ಇವತ್ತು ಬಾಯಿ ತೆರೆದರೆ ಬರುತ್ತಿದ್ದದ್ದು ಬರೀ ಮನೆಗಳು.

ಜೂನ್ 30ಕ್ಕೆ ಟ್ರಸ್ಟಿನ ಬೆಂಬಲ ಮುಗಿಯುತ್ತದೆ. ಹೀದರ್ ಕೈ ಕುಲುಕಿ ಬಹಳ ವಿಷಾದ ಎಂದರು. ನಿಜವಾಗಿಯೂ ವಿಷಾದವಿತ್ತು.

ಟ್ರಾಮ್‌ನಲ್ಲಿ ಕೂತು ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಒಂದು ಸಣ್ಣ ಸುಳ್ಳು ಹೇಳಲು ಬಾರದವನ ಕೈಗೆ ಅನಸೂಯಮ್ಮನ ವೀಸಾ ಕೊಟ್ಟು ಕಳಿಸಿದ್ದರು. ಯಾರ ದುಡ್ಡಿನಲ್ಲಿ ನಾನು ಸತ್ಯಹರಿಶ್ಚಂದ್ರನಾದೆ?

ಜೂನ್ 7, ಶನಿವಾರ

ಶರ್ಮಿಳಾ "ಕಳೆದುಹೋದವು" ಕಾಲಮ್‌ನ ಸೊನ್ನೆಯ ಮೇಲೆ ಬೆರಳಿಟ್ಟರು. ಆಮೇಲೆ, "ಒಂದ್ ಶಬ್ದ ಯಾದವ. ಒಂದೇ ಒಂದ್ ಶಬ್ದ," ಎಂದರು.

ಅನಸೂಯಮ್ಮನ ಎದುರು ನಿಂತು, ತಪ್ಪಾಯಿತು ಎಂದೆ. ಅವರು ಈರುಳ್ಳಿ ಹೆಚ್ಚುತ್ತಿದ್ದರು. ಚಾಕು ಎರಡು ಸಲ ನಿಂತಿತು. "ಕಾಫಿ ಕುಡೀರಿ ಅಣ್ಣ, ಆರೋಗತ್ತೆ," ಎಂದರು.

ಜೂನ್ 10, ಮಂಗಳವಾರ

ಹನ್ನೆರಡು ಗಂಟೆಗೆ ಮರಿಯಪ್ಪ ಕಿಚನ್ ಕಿಟಕಿಗೆ ಬಂದರು. ಕೈಯಲ್ಲಿ ಒಂದು ಹಳೆಯ ಸ್ಟೀಲ್ ಕ್ಯಾರಿಯರ್. ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ 'ಕಾಳಮ್ಮ' ಎಂದು ಹೆಸರು ಕೊರೆಸಿದೆ, ಮದುವೆಯ ಪಾತ್ರೆ.

"ಇವತ್ತಿನ ಊಟ ಇದಕ್ಕೇ ಹಾಕ್ಕೊಡಮ್ಮ," ಎಂದರು. "ನಿಮ್ ಡಬ್ಬಿ ಬೇಡ. ಅದಕ್ಕೆ ಏನ್ ಹಾಕಿ ಕಳ್ಸ್ಲಿ ಅನ್ನೋ ಯೋಚ್ನೇಲಿ ನನಗೆ ನಿದ್ದೆ ಬರಲ್ಲ."

ಅವರು ಖಾಲಿ ಕ್ಯಾರಿಯರ್ ಕೊಟ್ಟರು. ಯಾವ ಸಂಕೋಚವೂ ಇಲ್ಲದೆ, ಬಸ್ಸಿನಲ್ಲಿ ಚಿಲ್ಲರೆ ಕೊಡುವ ಹಾಗೆ. ಅನಸೂಯಮ್ಮ ಅನ್ನ, ಹುಳಿ, ಪಲ್ಯ ತುಂಬಿ ಕೊಟ್ಟರು. ಅವರು ಹೊರಟುಹೋದರು. ಎಲ್ಲ ಸೇರಿ ಎರಡು ನಿಮಿಷ.

ನಾನು ಸ್ಕ್ಯಾನರ್ ಹಿಡಿದುಕೊಂಡು ಹಾಗೇ ನಿಂತಿದ್ದೆ. ಇನ್ನೊಬ್ಬರ ಪಾತ್ರೆಯನ್ನು ಖಾಲಿ ಕೊಡಬಾರದು. ಆದರೆ ತುಂಬಿಸಿಕೊಳ್ಳಲು ತಂದ ತನ್ನ ಪಾತ್ರೆ ಖಾಲಿ ಇರದೆ ಇನ್ನು ಹೇಗಿರುತ್ತದೆ? ಡಬ್ಬಿ ಅವರದಾದರೆ ಅದನ್ನು ವಾಪಸ್ ಕೊಡುವವರು ನಾವು. ನಾವು ಯಾವತ್ತೂ ತುಂಬಿಸಿಯೇ ಕೊಡುತ್ತೇವೆ. ನಾಲ್ಕು ತಿಂಗಳು ನಾವು ಸಂಪ್ರದಾಯದ ತಪ್ಪು ತುದಿ ಹಿಡಿದು ಜಗ್ಗುತ್ತಿದ್ದೆವು.

ಜೂನ್ 12, ಗುರುವಾರ

ಒಂದು ಪುಟದ ಯೋಜನೆ ಬರೆದು ಶರ್ಮಿಳಾಗೆ ಕೊಟ್ಟೆ. ಗಿರಾಕಿಗಳು ತಮ್ಮ ತಮ್ಮ ಡಬ್ಬಿ ತರುತ್ತಾರೆ. ಮೆಟ್ಟಿಲು ಇಳಿಯಲಾಗದವರ ಡಬ್ಬಿಯನ್ನು ಪಕ್ಕದ ಮನೆಯವರು ತರುತ್ತಾರೆ, ಕೇಳಿದ್ದೇನೆ, ಒಪ್ಪಿದ್ದಾರೆ. ತೊಳೆಯುವುದು ಅವರವರ ಮನೆಯಲ್ಲಿ. ಪ್ಲಾಸ್ಟಿಕ್ ಇಲ್ಲ. ಅನಸೂಯಮ್ಮನ ಕೆಲಸ ಊಟದ ದುಡ್ಡಿನಿಂದ ನಡೆಯುತ್ತದೆ, ಹಾಗೆಯೇ ಇರುತ್ತದೆ, ವೀಸಾವೂ. ಟ್ರಸ್ಟಿನ ದುಡ್ಡಿನಲ್ಲಿದ್ದದ್ದು ನಾಲ್ಕು: ಡಬ್ಬಿ, ಮೆಷಿನ್, ಸ್ಕ್ಯಾನರ್, ಆಪರೇಷನ್ಸ್ ಮ್ಯಾನೇಜರ್. ನಾಲ್ಕೂ ಇನ್ನು ಬೇಕಾಗಿಲ್ಲ.

ಶರ್ಮಿಳಾ ಕೊನೆಯ ಸಾಲನ್ನು ಎರಡು ಸಲ ಓದಿದರು. "ಇದನ್ನ ನೀವೇ ಬರ್ದಿದೀರಾ?"

"ಬೇರೆ ಯಾರು ಬರಿಯುದು? ಮ್ಯಾನೇಜರ್ ನಾನಲ್ವಾ?"

ಅವರ ಕಣ್ಣಲ್ಲಿ ನೀರು ಬಂತು. ಅನಸೂಯಮ್ಮನಿಗೆ 30ರವರೆಗೆ ಹೇಳಬೇಡಿ, ಬೇಡ ಎನ್ನುತ್ತಾರೆ ಎಂದೆ. ಈ ಕೆಲಸ ನನಗೆ ಬೇಕಾಗಿತ್ತು.

ಜೂನ್ 20, ಶುಕ್ರವಾರ

ಡಬ್ಬಿಗಳನ್ನು ಜವಾಬ್ದಾರಿಯಿಂದ ವಿಲೇವಾರಿ ಮಾಡಿ ಎಂದು ಮೆಲ್ಬರ್ನ್‌ನಿಂದ ಪತ್ರ ಬಂದಿದೆ. ಮಾಡುತ್ತಿದ್ದೇನೆ. ಒಂದೊಂದು ಮನೆಗೆ ಮೂರು ಡಬ್ಬಿ. ಬಾರ್‌ಕೋಡ್ ಕೆರೆದು ತೆಗೆದು, ಕೊರೆಯುವ ಪೆನ್ನಿನಲ್ಲಿ ಹೆಸರು ಬರೆದು ಅವರಿಗೇ ಕೊಡುವುದು. ಹೆಸರು ಬಿದ್ದ ಮೇಲೆ ಪಾತ್ರೆ ಅವರದೇ. ನನ್ನ ಬರಹ ಚೆನ್ನಾಗಿಲ್ಲ. ಶಿವಲಿಂಗಪ್ಪ ಎಂಬುದು ಬಹಳ ಉದ್ದದ ಹೆಸರು. ಮಗಳು ಆದ್ಯಾ ಎರಡು ದಿನ ಬಂದು ಇಂಗ್ಲಿಷ್‌ನಲ್ಲಿ ಬೇಕೆಂದವರದ್ದನ್ನು ಬರೆದುಕೊಟ್ಟಳು.

ಜೂನ್ 30, ಸೋಮವಾರ

ಕಿಟಕಿಯ ಮುಂದೆ ಇವತ್ತು ನೂರ ನಲವತ್ತು ಡಬ್ಬಿ ಬಂತು, ನೂರ ನಲವತ್ತು ಹೋಯಿತು. ಟ್ರಸ್ಟಿನ ಕೊನೆಯ ಫಾರ್ಮ್ ತುಂಬಿದೆ. ಸಂಸ್ಥೆಯ ಒಡೆತನದ ಡಬ್ಬಿ ಸೊನ್ನೆ, ವಾಪಸ್ ಬರಬೇಕಾದದ್ದು ಸೊನ್ನೆ. ಕಂಪ್ಯೂಟರ್ ಒಪ್ಪಲಿಲ್ಲ, ಶೇಕಡಾವಾರು ನಮೂದಿಸಿ ಎಂದಿತು. ಹೀದರ್‌ಗೆ ಇಮೇಲ್ ಮಾಡಿದೆ.

ಗಿರಾಕಿಗಳು ಹೋದ ಮೇಲೆ, ನನ್ನ ಕೆಲಸ ಇವತ್ತಿಗೆ ಮುಗಿಯಿತೆಂದು ಶರ್ಮಿಳಾ ಅನಸೂಯಮ್ಮನಿಗೆ ಹೇಳಿದರು. ಅವರು ನನ್ನ ಕಡೆ ತಿರುಗಿದರು.

"ಮೊದ್ಲೇ ಹೇಳ್ಬಾರ್ದಿತ್ತಾ ಅಣ್ಣ?"

"ಹೇಳಿದ್ರೆ ನೀವು ಬಿಡ್ತಿದ್ರಾ?"

"ಬಿಡ್ತಿರ್ಲಿಲ್ಲ," ಎಂದರು. ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದರು. ತಟ್ಟೆಗಳ ಸದ್ದಾಯಿತು. ಕಿಚನ್‌ನಲ್ಲಿ ಒಂದೇ ಒಂದು ಕುರ್ಚಿ ಇದೆ, ಅದನ್ನು ತಂದು ನನಗೆ ಹಾಕಿದರು. ಡಬ್ಬಿಯಲ್ಲ, ತಟ್ಟೆಯಲ್ಲೇ ಬಡಿಸಿದರು. ಅನ್ನ, ತೊವ್ವೆ, ಬೀನ್ಸ್ ಪಲ್ಯ, ಕೊನೆಗೆ ಯಾವಾಗ ಮಾಡಿದರೋ ಗೊತ್ತಿಲ್ಲ, ಶಾವಿಗೆ ಪಾಯಸ. ಬೇಡವೆಂದು ಕೈ ಅಡ್ಡ ಹಿಡಿದರೆ ಕೈಯ ಮೇಲೇ ಬಡಿಸುವ ಹಾಗಿತ್ತು. ನಾನು ಉಣ್ಣುವವರೆಗೂ ಇಬ್ಬರೂ ನಿಂತೇ ಇದ್ದರು.

ಮನೆಗೆ ಬಂದಾಗ ಆದ್ಯಾ ಸೋಫಾದಲ್ಲಿ ಹೋಮ್‌ವರ್ಕ್ ಮಾಡುತ್ತಿದ್ದಳು. ತಲೆ ಎತ್ತಿ, "ಸೋ ಯು ಗಾಟ್ ಫೈರ್ಡ್ ಅಗೇನ್?" ಎಂದು ಕೇಳಿದಳು.

"ಹೌದು. ಈ ಸಲ ನಾನೇ ನನ್ನನ್ನು ತೆಗ್ದದ್ದು."

ಸ್ವಲ್ಪ ಯೋಚಿಸಿದಳು. "ವರ್ ಯು ನೈಸ್ ಅಬೌಟ್ ಇಟ್?"

"ಬಹಳ. ಕೂರಿಸಿ, ಹೊಟ್ಟೆ ತುಂಬ ಊಟ ಹಾಕಿ ಕಳ್ಸಿದ್ರು," ಎಂದೆ.